ಮಗ್ಗ ನಿಂತ ಹೊತ್ತು

ಪೂಜ್ಯ ದೀನಮ್ಮನವರು ತಮ್ಮ ಕೊನೆಯ ಹನ್ನೆರಡು ವರ್ಷಗಳನ್ನು ಗದುಗಿನ ಸೀಮೆಯ ನೇಕಾರರ ಊರೊಂದರಲ್ಲಿ, ಕ್ರೈಸ್ತ ಸಭೆಯ ಮಗ್ಗದ ಮನೆಗೆ ಆತುಕೊಂಡಿದ್ದ ಒಂದು ಕೋಣೆಯಲ್ಲಿ ಕಳೆದರು. ಕೋಣೆ ಎಷ್ಟು ದೊಡ್ಡದು ಎಂದು ಮಾತ್ರ ಕೇಳಬೇಡಿ. ಒಂದು ಚಾಪೆ, ಒಂದು ನೀರಿನ ಕೊಡ, ನೂಲು ಸುತ್ತುವ ಒಂದು ರಾಟಿ ಇಟ್ಟರೆ ಜಾಗ ಮುಗಿಯಿತು, ಬಂದವರು ಹೊಸ್ತಿಲ ಮೇಲೇ ಕೂಡಬೇಕು. ಪ್ರಾಯದಲ್ಲಿ ಊರೂರು ನಡೆದು ಸುವಾರ್ತೆ ಸಾರಿದ, ಎಷ್ಟೋ ಬಾಣಂತಿಯರ ಆರೈಕೆ ಮಾಡಿದ ಆ ತಾಯಿ, ಕಾಲು ಸೋತ ಮೇಲೆ ಅಲ್ಲಿ ಕುಳಿತು ನೇಕಾರರಿಗೆ ಕಂಡಿಕೆ ಸುತ್ತಿಕೊಡುತ್ತಿದ್ದರು. ಲಾಳಿಯೊಳಗೆ ಕೂಡಿಸುವ ಆ ನೂಲಿನ ಸಣ್ಣ ಸುರುಳಿಗಳನ್ನು ಅವರ ಕೈ ಸುತ್ತಿದರೆ ಎಳೆ ಕಡಿಯುವುದಿಲ್ಲ ಎಂದು ನೇಕಾರರು ಹೇಳುತ್ತಿದ್ದರು. ಉಪದೇಶದ ಮಾತು ಅವರ ಬಾಯಲ್ಲಿ ಬಲು ಕಡಿಮೆ. ಆದರೂ ಸಭಾಪಾಲಕರು ಯಾವ ದೊಡ್ಡ ತೀರ್ಮಾನಕ್ಕೂ ಮೊದಲು ಆ ಹೊಸ್ತಿಲಿಗೆ ಬಂದು ಹೋಗುತ್ತಿದ್ದರು.

ಒಂದು ಸೋಮವಾರ ಮಧ್ಯಾಹ್ನಕ್ಕೆ ಮುಂಚೆ ಆ ಹೊಸ್ತಿಲ ಮೇಲೆ ಸಭೆಯ ಹಿರಿಯರಾದ ಎಲೀಶಪ್ಪನವರು ಬಂದು ಕುಳಿತರು.

ಎಲೀಶಪ್ಪನವರ ಪ್ರಾರ್ಥನೆಯೆಂದರೆ ಸುತ್ತ ಹತ್ತು ಹಳ್ಳಿಗೆ ಹೆಸರುವಾಸಿ. ಮದುವೆ ಇರಲಿ, ಸತ್ತವರ ಮಣ್ಣಿರಲಿ, ಹೊಸ ಮನೆ ಹೊಗುವುದಿರಲಿ, ಅವರೇ ಬರಬೇಕು. ದನಿ ಏರಿಸಿ ಇಳಿಸಿ ಅರ್ಧ ತಾಸು ನಿಂತ ನಿಲುವಿನಲ್ಲೇ ನಡೆಸುವರು. ಅದರಲ್ಲೊಂದು ಗುಟ್ಟಿತ್ತು, ಮುಚ್ಚಿಡುವುದೇಕೆ, ಹೇಳಿಬಿಡುತ್ತೇನೆ. ಯಾರಿಗೆ ಏನು ಮುಟ್ಟಿಸಬೇಕೋ ಅದನ್ನು ಅವರು ದೇವರಿಗೆ ಹೇಳುವ ನೆಪದಲ್ಲಿ ಮುಟ್ಟಿಸುತ್ತಿದ್ದರು. "ಕರುಣಾಮಯನಾದ ತಂದೆಯೇ, ಆರಾಧನೆ ಅರ್ಧ ಮುಗಿದ ಮೇಲೆ ಬರುವ ನಿನ್ನ ದಾಸಿಗೆ ಬೇಗ ಏಳುವ ಬುದ್ಧಿಯನ್ನು ದಯಪಾಲಿಸು" ಎಂದರೆ ಮೂಲೆಮನೆಯ ಸುವಾರ್ತಮ್ಮನ ಮುಖ ಬಾಡುತ್ತಿತ್ತು. "ನೆರೆಯವರ ಹಿತ್ತಲಿಗೆ ಕೋಳಿ ಬಿಡುವವರ ಕಣ್ಣು ತೆರೆಸು" ಎಂದರೆ ಯಾರ ಕೋಳಿ, ಯಾರ ಹಿತ್ತಲು ಎಂಬುದು ಎಲ್ಲರಿಗೂ ತಿಳಿಯುತ್ತಿತ್ತು. ಪಾಪ, ಎದುರಾಡುವ ಹಾಗಿಲ್ಲ. ಮಾತು ದೇವರ ಜೊತೆ ನಡೆದಿದೆ, ಎಲ್ಲರ ಕಣ್ಣೂ ಮುಚ್ಚಿವೆ. ಕೊನೆಗೆ ಬೈಸಿಕೊಂಡವರೂ ಸೇರಿ "ಆಮೆನ್" ಅನ್ನಬೇಕು.

ಅಂದು ಅವರನ್ನು ಅಲ್ಲಿಗೆ ತಂದದ್ದು ಒಡಹುಟ್ಟಿದ ತಮ್ಮ ಆಮೋಸನ ವಿಷಯ. ನಾಲ್ಕು ವರ್ಷದ ಹಿಂದೆ ಆಮೋಸ ಕುಡಿದ ಅಮಲಿನಲ್ಲಿ ಅಣ್ಣನ ಮನೆಗೆ ನುಗ್ಗಿ, ಮಗ್ಗಕ್ಕೆ ಹೂಡಿದ್ದ ಮದುವೆ ಸೀರೆಯ ಹಾಸಿನ ಎಳೆಗಳನ್ನು ಕುಡುಗೋಲಿನಿಂದ ಕಡಿದು ಹಾಕಿದ್ದ. ಸಾವಿರಾರು ಎಳೆ ಒಮ್ಮೆಗೇ ಹರಿದ ಆ ಸದ್ದು ಎಲೀಶಪ್ಪನವರ ಕಿವಿಯಿಂದ ಹೋಗಿರಲಿಲ್ಲ. ಅಂದಿನಿಂದ ಅಣ್ಣ ತಮ್ಮಂದಿರಿಗೆ ಮಾತಿಲ್ಲ. ಊರು ಬಿಟ್ಟಿದ್ದ ಆಮೋಸ ಹಿಂದಿನ ವರ್ಷ ಮರಳಿ ಬಂದು, ಕುಡಿತ ಬಿಟ್ಟೆನೆಂದು ಹೇಳಿ, ಸಭೆಯ ಮಗ್ಗದ ಮನೆಯಲ್ಲಿ ಒಂದು ಮಗ್ಗ ಹಿಡಿದು ಕುಳಿತಿದ್ದ. ಬರುವ ಭಾನುವಾರ ಕರ್ತನ ಭೋಜನ, ವಿಶ್ವಾಸಿಗಳು ಮಾತ್ರ ಸಾಲಾಗಿ ರೊಟ್ಟಿ ತೆಗೆದುಕೊಳ್ಳುವ ದಿನ. ತನ್ನನ್ನೂ ಪಂಕ್ತಿಗೆ ಸೇರಿಸಿಕೊಳ್ಳಿ ಎಂದು ಅವನು ಹೆಸರು ಕೊಟ್ಟಿದ್ದ. "ನಿಮ್ಮಷ್ಟು ಅವನನ್ನು ಬಲ್ಲವರಿಲ್ಲ, ಅವನ ವಿಶ್ವಾಸ ನಿಜವೋ ಸುಳ್ಳೋ ನೀವೇ ಹೇಳಿ" ಎಂದು ಸಭಾಪಾಲಕರು ಅಣ್ಣನ ಮೇಲೆ ಭಾರ ಹಾಕಿದ್ದರು. ಬೇಡವೆಂದರೆ ಸೋಲಾಪುರದ ಗಿರಣಿಗೆ ಹೋಗಿಬಿಡುತ್ತೇನೆ ಎಂದು ಆಮೋಸ ಜೊತೆಯವರಿಗೆ ಹೇಳಿದ್ದನಂತೆ. ಅಲ್ಲಿ ತನ್ನವರಿಲ್ಲದ ಮನುಷ್ಯನಿಗೆ ಸಂಜೆಯಾದರೆ ಮತ್ತೆ ಶೀಸೆಯೇ ಗತಿ ಎಂಬುದು ಎಲ್ಲರಿಗೂ ಗೊತ್ತಿತ್ತು. ಎಲೀಶಪ್ಪನವರಿಗೂ ಗೊತ್ತಿತ್ತು.

"ಅಮ್ಮಾರ, ಸಭಾಪಾಲಕ ಅಯ್ಯನವರು ನಿಮ್ಮ ಮಾತು ಕೇಳತಾರ," ಎಂದು ಅವರು ಶುರುಮಾಡಿದರು. "ನೀವೂ ಒಂದು ಮಾತು ಹೇಳ್ರಿ. ಇವನ ವಿಶ್ವಾಸ ಖರೇದಲ್ಲ. ಬುಧವಾರದ ಕೂಟದಾಗ ಪ್ರಾರ್ಥನಾ ಮಾಡಪಾ ಅಂತ ಎಬ್ಬಿಸಿದ್ರ, ನಿಂದರತಾನ, ಬಾಯಿ ತೆರೀತಾನ, ಮತ್ತ ಕುಂದರತಾನ. ವರ್ಷ ಆತು, ಒಂದು ಶಬ್ದ ಹೊಂಟಿಲ್ಲ. ವಿಶ್ವಾಸಿ ಆದಂವಗ ಪ್ರಾರ್ಥನಾ ಬರಬ್ಯಾಡೇನ್ರಿ?"

"ಬರಬೇಕು," ಎಂದರು ದೀನಮ್ಮನವರು. "ಪ್ರಾರ್ಥನಾ ಇಲ್ಲದ ವಿಶ್ವಾಸ ನಾನೂ ಒಪ್ಪಂಗಿಲ್ಲ."

ಇಷ್ಟು ಸುಲಭವಾಗಿ ಕೆಲಸವಾದೀತೆಂದು ಎಲೀಶಪ್ಪನವರು ಅಂದುಕೊಂಡಿರಲಿಲ್ಲ. ಹೆಗಲ ವಲ್ಲಿ ಸರಿಮಾಡಿಕೊಂಡು ಏಳಹೊರಟರು.

"ಸ್ವಲ್ಪ ಕೂಡ್ರು ಎಲೀಶಾ. ಮಗ್ಗ ನಿಲ್ಲಲಿ."

ಗೋಡೆಯ ಆಚೆ ಹತ್ತು ಮಗ್ಗಗಳು ಒಂದೇ ಸಮನೆ ಖಟಖಟ ಎನ್ನುತ್ತಿದ್ದವು. ಊಟದ ಗಂಟೆ ಹೊಡೆಯಿತು. ಒಂದೊಂದೇ ಮಗ್ಗ ನಿಂತಿತು. ನೇಕಾರರು ಬುತ್ತಿ ಹಿಡಿದು ಬೇವಿನ ಮರದ ಕಡೆಗೆ ಹೋದದ್ದು ಕೇಳಿಸಿತು. ದಿನವೂ ಆ ಹೊತ್ತಿಗೆ ದೀನಮ್ಮನವರ ರಾಟಿ ಜೋರಾಗುತ್ತಿತ್ತು, ಅಮ್ಮಾರಿಗೆ ಊಟದ ಹೊತ್ತಿಗೇ ಕೆಲಸದ ಹುಮ್ಮಸ್ಸು ಬರುತ್ತದೆಂದು ನೇಕಾರರು ನಗುತ್ತಿದ್ದರು. ಅಂದು ಅವರು ರಾಟಿಯಿಂದ ಕೈ ತೆಗೆದು ಮಡಿಲಲ್ಲಿ ಇಟ್ಟುಕೊಂಡರು.

ಆಚೆ ಖಾಲಿ ಮಗ್ಗದ ಮನೆಯಲ್ಲಿ ಒಬ್ಬನೇ ಮನುಷ್ಯ ಉಳಿದಿದ್ದ. ದನಿ ತಡವರಿಸುತ್ತ ಬಂತು.

"ಸ್ವಾಮಿ, ನಾನ್ರಿ, ಆಮೋಸ. ಮುಂಜಾನಿಂದ ಕುಡದಿಲ್ರಿ. ಸಂಜಿತನಕ ನೀವ ನೋಡ್ಕೋಬೇಕು."

ಮಗ್ಗದ ಹಲಗೆ ಕಿರುಗುಟ್ಟಿತು. ಹೊರಟನೆಂದೇ ಎಲೀಶಪ್ಪನವರು ತಿಳಿದರು.

"ಅಣ್ಣನ ಬಲಗೈ ರಟ್ಟಿ ಭಾಳ ನೋಯಾಕತ್ತೈತ್ರಿ. ಯಾರಿಗೂ ಹೇಳಿಲ್ಲಂವ. ಸಭೆಯ ಗುಡಿಯೊಳಗ ಪದದ ಪುಸ್ತಕ ಎಡಗೈಲೆ ಹಿಡಿಯಾಕತ್ತಾನ. ಕೈ ಹ್ವಾದ್ರ ನೇಕಾರ ಏನು ಮಾಡ್ಬೇಕ್ರಿ? ಬೇಕಾದ್ರ ನಂದು ತಗೋರಿ, ಅವಂದು ಬಿಡ್ರಿ. ಭಾನುವಾರ ಅಂವ ಬ್ಯಾಡ ಅಂದ್ರೂ ನನಗ ಅವನ ಮ್ಯಾಲೆ ಸಿಟ್ಟು ಬರದಂಗ ಮಾಡ್ರಿ. ಅಷ್ಟ ರೀ."

ಎಲೀಶಪ್ಪನವರ ಎಡಗೈ ತಾನಾಗಿ ಬಲ ರಟ್ಟೆಯ ಮೇಲೆ ಹೋಗಿತ್ತು. ಮೂರು ತಿಂಗಳಿಂದ ಹಲ್ಲು ಕಚ್ಚಿ ನೇಯುತ್ತಿದ್ದರು. ಕಟ್ಟಿಕೊಂಡ ಹೆಂಡತಿಗೂ ತಿಳಿದಿರಲಿಲ್ಲ. ಯಾರ ಮುಖ ನೋಡಬಾರದೆಂದು ವರ್ಷವಿಡೀ ತಲೆ ತಿರುಗಿಸಿದ್ದರೋ ಅವನು ಗುಡಿಯ ಬಾಗಿಲ ಬಳಿಯ ಕೊನೆಯ ಬೆಂಚಿನಿಂದ ಅವರ ಕೈಯನ್ನೇ ನೋಡುತ್ತಿದ್ದ.

"ಮೊದಲನೇ ದಿನ ಗೊತ್ತಿಲ್ಲದಂಗ ಕಿವಿಗೆ ಬಿತ್ತು," ಎಂದರು ದೀನಮ್ಮನವರು ಮೆಲ್ಲಗೆ. "ಅವತ್ತಿಂದ ಈ ಹೊತ್ತಿಗೆ ರಾಟಿ ಜೋರ ತಿರುವತೀನಿ. ಮಂದಿ ಪ್ರಾರ್ಥನಾ ಕದ್ದು ಕೇಳಬಾರದು. ಇವತ್ತ ನಿನಗ ಅದು ಬೇಕಿತ್ತು." ಆಮೇಲೆ ಅವರನ್ನು ನೇರವಾಗಿ ನೋಡಿ ಕೇಳಿದರು, "ಅಂವಗ ಪ್ರಾರ್ಥನಾ ಬರತೈತಿ. ನಿನಗ ಬರತೈತೇನು?"

ಎಲೀಶಪ್ಪನವರು ಎದ್ದು ಹೋದರು. ಮೊದಲು ಬಂದದ್ದು ಸಿಟ್ಟೇ. ತನಗೆ ಪ್ರಾರ್ಥನೆ ಬರುತ್ತದೆಯೇ ಎಂದು ಕೇಳುವುದೆಂದರೇನು? ಮನೆಗೆ ಹೋಗಿ ಬಾಗಿಲು ಹಾಕಿಕೊಂಡು, ಮಗ್ಗದ ಮುಂದೆ ನಿಂತು, "ಕರುಣಾಮಯನಾದ ತಂದೆಯೇ" ಎಂದು ಗಟ್ಟಿಯಾಗಿ ಎತ್ತಿಕೊಂಡರು. ಮುಂದೆ ಮಾತು ಹೊರಡಲಿಲ್ಲ. ಕೇಳಲು ಸುವಾರ್ತಮ್ಮ ಇಲ್ಲ, ಕೋಳಿಯವರಿಲ್ಲ, ಭಲೇ ಅನ್ನುವವರಿಲ್ಲ. ಯಾರೂ ಕೇಳದ ಕಡೆ ತಾನು ದೇವರೊಡನೆ ಮಾತಾಡಿ ಎಷ್ಟು ಕಾಲವಾಯಿತು ಎಂದು ನೆನಪಿಸಿಕೊಳ್ಳಲು ನೋಡಿದರು. ನೆನಪಾಗಲಿಲ್ಲ. ಮಂಗಳವಾರವೂ ಹಾಗೆಯೇ ನಿಂತು, ಹಾಗೆಯೇ ಕುಳಿತರು. ಹೆಂಡತಿ ಊಟಕ್ಕೆ ಕರೆದರೆ ಹಸಿವಿಲ್ಲ ಎಂದರು. ಅವರಿಗೆ ಅಳು ಬರುವಷ್ಟು ನಾಚಿಕೆಯಾಗಿತ್ತು.

ಬುಧವಾರ ಸಂಜೆ ಕೂಟ ಸೇರಿತು. ಪದ ಹಾಡಿಯಾದ ಮೇಲೆ ಸಭಾಪಾಲಕರು ವಾಡಿಕೆಯಂತೆ ಎಲೀಶಪ್ಪನವರನ್ನೇ ಕರೆದರು. ಜನ ಕಣ್ಣು ಮುಚ್ಚಿ ಅರ್ಧ ತಾಸಿಗೆ ಸಿದ್ಧವಾಗಿ ಕುಳಿತರು. ಸುವಾರ್ತಮ್ಮ ಬೈಗುಳಕ್ಕೆ ತಯಾರಾಗಿ ಸೆರಗು ಹೊದ್ದಳು. ಎಲೀಶಪ್ಪನವರು ಎದ್ದು ನಿಂತರು, ಬಾಯಿ ತೆರೆದರು, ಶಬ್ದ ಬರಲಿಲ್ಲ. ಯಾರೋ ಕೆಮ್ಮಿದರು. ಒಬ್ಬೊಬ್ಬರಾಗಿ ಕಣ್ಣು ಬಿಟ್ಟು ನೋಡತೊಡಗಿದರು. ಕೊನೆಗೆ ಬಂದದ್ದು ಗುಡಿಯ ಭಾಷೆಯಲ್ಲ, ಮನೆಯ ಮಾತು.

"ಸ್ವಾಮಿ, ನಾನು ಎಲೀಶ. ನಿನ್ನ ಜೋಡಿ ಮಾತಾಡಿ ಭಾಳ ವರ್ಷ ಆತು. ಇಷ್ಟ ದಿನ ಈ ಮಂದಿ ಜೋಡಿ ಮಾತಾಡೀನಿ. ನನ್ನ ತಮ್ಮನ ಮ್ಯಾಲಿನ ಸಿಟ್ಟು ಹೋಗವಲ್ದು. ಹೋಗಲಿ ಅಂತ ಅನಸೂದೂ ಇಲ್ಲ. ನನ್ನ ಕೈಲೆ ಆಗವಲ್ದು, ನೀನ ತಗಿ."

ಅಷ್ಟೇ ಹೇಳಿ ಕುಳಿತು ಮುಖ ಮುಚ್ಚಿಕೊಂಡರು. ಪ್ರಾರ್ಥನೆ ಮುಗಿಯಿತೆಂದು ಯಾರಿಗೂ ತಿಳಿಯಲಿಲ್ಲ. ಆಗ ಬಾಗಿಲ ಬಳಿಯ ಬೆಂಚಿನಿಂದ ಒಂದು ದನಿ "ಆಮೆನ್" ಎಂದಿತು. ಆ ಕೂಟದಲ್ಲಿ ಆಮೋಸನ ಬಾಯಿಂದ ಬಂದ ಮೊದಲ ಶಬ್ದ ಅದು. ಬಳಿಕ ಇಡೀ ಸಭೆ ಅಂದಿತು. ಸುವಾರ್ತಮ್ಮನ ದನಿಯೇ ಎಲ್ಲಕ್ಕಿಂತ ಗಟ್ಟಿಯಾಗಿತ್ತು.

ಮರುದಿನ ಸಭಾಪಾಲಕರು ದೀನಮ್ಮನವರ ಹೊಸ್ತಿಲಿಗೆ ಬಂದು, ಭಾನುವಾರದ ಪಂಕ್ತಿಗೆ ಆಮೋಸನ ಹೆಸರು ಬರೆದುಕೊಳ್ಳಲೇ ಎಂದು ಕೇಳಿದರು.

"ಅಣ್ಣ ತಮ್ಮ ಇಬ್ಬರ ಹೆಸರೂ ಹೊಸದಾಗಿ ಬರಕೋರಿ," ಎಂದು ಅಮ್ಮನವರು ರಾಟಿ ತಿರುಗಿಸಿದರು.

ಭಾನುವಾರ ಅಣ್ಣ ತಮ್ಮಂದಿರು ಒಂದೇ ಸಾಲಿನಲ್ಲಿ ಮೊಣಕಾಲೂರಿ ರೊಟ್ಟಿ ತೆಗೆದುಕೊಂಡರು. ಅಂದು ಮಧ್ಯಾಹ್ನ ಆಮೋಸ ನಾಲ್ಕು ವರ್ಷದ ಮೇಲೆ ಅಣ್ಣನ ಮನೆಯಲ್ಲಿ ಉಂಡನು. ಎಲೀಶಪ್ಪನವರ ರಟ್ಟೆ ವಾಸಿಯಾಯಿತೇ ಎಂದು ನೀವು ಕೇಳುವಿರಿ. ಪೂರ್ತಿ ಆಗಲಿಲ್ಲ. ಆದರೆ ಸೋಮವಾರದಿಂದ ಹೊತ್ತು ಇಳಿದ ಮೇಲೆ ಆಮೋಸ ಬಂದು ಅಣ್ಣನ ಮಗ್ಗದಲ್ಲಿ ಕೂಡುತ್ತಿದ್ದ, ಅಣ್ಣ ಪಕ್ಕದಲ್ಲಿ ಕುಳಿತು ತಪ್ಪು ತೋರಿಸುತ್ತಿದ್ದರು. ತಪ್ಪು ತೋರಿಸುವ ಆ ಚಟ ಅವರಿಗೆ ಪೂರ್ತಿ ಬಿಟ್ಟಿತೆಂದು ನಾನು ಹೇಳಲಾರೆ.

ಪ್ರಾರ್ಥನೆಗೆ ಕರೆದರೆ ಎಲೀಶಪ್ಪನವರು ಆಮೇಲೂ ಹೋಗುತ್ತಿದ್ದರು. ನಿಮಗೇನು ಬೇಕಾಗಿದೆ ಎಂದು ಮೊದಲು ಮನೆಯವರನ್ನು ಕೇಳಿ, ಅದನ್ನಷ್ಟೇ ದೇವರಿಗೆ ಹೇಳಿ ಕುಳಿತುಬಿಡುವರು. ಮದುವೆಗಳಲ್ಲಿ ಇದು ಬಲು ಚಿಕ್ಕದಾಯಿತೆಂದು ಮೊದಮೊದಲು ಗೊಣಗಿದವರಿದ್ದರು. ಬಹಳ ವರ್ಷಗಳ ಮೇಲೆ, ದೀನಮ್ಮನವರು ಪ್ರಭುವಿನಲ್ಲಿ ನಿದ್ರೆಹೋದ ಬಳಿಕ, ಹೊಸದಾಗಿ ಸಭೆಗೆ ಸೇರಿದ ಒಬ್ಬ ನೇಕಾರ ಆ ವೃದ್ಧ ಹಿರಿಯರನ್ನು, ಹೀಗೆ ಪ್ರಾರ್ಥನೆ ಮಾಡಲು ಯಾರ ಕಡೆ ಕಲಿತಿರಿ ಎಂದು ಕೇಳಿದನಂತೆ.

ಎಲೀಶಪ್ಪನವರು ಒಳಗೆ ಮಗ್ಗ ನೇಯುತ್ತಿದ್ದ ಆಮೋಸನ ಕಡೆ ನೋಡಿ ದನಿ ತಗ್ಗಿಸಿದರು.

"ನನ್ನ ತಮ್ಮನ ಕಡೆ. ಅಂವಗ ಇನ್ನೂ ಗೊತ್ತಿಲ್ಲ."