ಹೆಸರಿಲ್ಲದ ಕುರಿಮರಿ

ಕಥೆ ಮುಗಿಯುವ ತನಕ ಕೇಳುಗರನ್ನು ಮುಟ್ಟಬಾರದು ಎಂಬುದು ತೋಳಗಳ ಕಟ್ಟಳೆ. ಅದನ್ನೇ ನಂಬಿ, ಕಳೆದುಹೋದ ಮರಿಯ ಸುದ್ದಿ ಸಿಕ್ಕೀತೆಂದು ಕುರಿಯೊಂದು ಅವುಗಳ ನಡುವೆ ಬಂದು ಕೂತಿತು. ರೆಕ್ಕೆಯ ತೋಳವೊಂದು ಏಳು ಬೆಟ್ಟ ಹಾರಿ, ಹಸಿದ ತನ್ನ ಮರಿಗಳಿಗೆ ಕುರಿಮರಿಯನ್ನು ತಂದುಕೊಟ್ಟ ಕಥೆಯನ್ನು ಮುದಿ ತೋಳ ಒಂದೊಂದು ಬೆಟ್ಟದ ಹೆಸರನ್ನೂ ಬಿಡದೆ ಹೇಳಿತು.

“ಹೇಗಿದೆ?” ಎಂದು ಬೀಗುತ್ತಾ ಕುರಿಯನ್ನೇ ಕೇಳಿತು.

“ನಿಮ್ಮ ಮರಿಗಳ ಹಸಿವು ಕೇಳಿ ನನ್ನ ಕರುಳೂ ಚುರುಕ್ಕೆಂದಿತು, ಅಜ್ಜ. ಆದರೆ ಬೆಟ್ಟಗಳಿಗೂ ಹೆಸರಿಟ್ಟವರು ಆ ಕುರಿಮರಿಗೆ ಯಾಕೆ ಇಡಲಿಲ್ಲ?”

“ಹೆಸರಿಟ್ಟರೆ ನಮ್ಮ ಮರಿಗಳು ತಿನ್ನುವುದು ಹೇಗೆ?”

“ಅವಳ ಹೆಸರು ಚುಕ್ಕಿ,” ಎಂದಿತು ಕುರಿ.

ಮುದಿ ತೋಳ ತಲೆ ತಗ್ಗಿಸಿತು. ಕಥೆ ಮುಗಿಯಿತೆಂದುಕೊಂಡು ಉಳಿದ ತೋಳಗಳು ಎದ್ದು ನಿಂತವು.

“ಕೂತ್ಕೊಳ್ಳಿ,” ಎಂದು ಅದು ಗದರಿತು. “ಈ ತಾಯಿ ತನ್ನ ಮಂದೆ ಸೇರುವ ತನಕ ಈ ಕಥೆ ಮುಗಿಯುವುದಿಲ್ಲ.”