ಎಷ್ಟು ತಲಿಗೆ ಸುತ್ತೀ, ಮುಡಿಯಪ್ಪ?

ಬೆಳ್ಳಿಗುಡ್ಡ ಅಂತ ಒಂದು ರಾಜ್ಯ ಇತ್ತು. ಎಲ್ಲಿತ್ತು ಅಂತ ಕೇಳಬೇಡಿ ಮಕ್ಕಳೇ. ಕೇಳಿದರೆ ನಾನು ಸುಳ್ಳು ಹೇಳಬೇಕು, ನೀವು ಅದನ್ನು ನಂಬಬೇಕು, ಇಬ್ಬರಿಗೂ ತೊಂದರೆ.

ಆ ರಾಜ್ಯದ ದೊರೆಗೆ ಬಂಗಾರದ ಕಿರೀಟ ಇರಲಿಲ್ಲ. ರುಮಾಲೇ ಕಿರೀಟ. ನಾವೆಲ್ಲ ಪಟ್ಟ ಕಟ್ಟುವುದು ಅಂತ ಬಾಯಿಮಾತಿಗೆ ಅನ್ನುತ್ತೇವೆ, ಅಲ್ಲಿ ನಿಜವಾಗಿಯೂ ಕಟ್ಟುತ್ತಿದ್ದರು. ಉದ್ದನೆಯ ಜರಿಯ ಬಟ್ಟೆ ತಂದು, ಸುತ್ತಿನ ಮೇಲೆ ಸುತ್ತು ಹಾಕಿ, ಕೊನೆಯ ಸೆರಗನ್ನು ಕಿವಿಯ ಹಿಂದೆ ಸಿಕ್ಕಿಸಿದರೆ ಆಯಿತು, ದೊರೆ ದೊರೆಯಾದ. ಸುತ್ತು ಸಡಿಲಾಗಿ ಬಿಚ್ಚಿಕೊಂಡರೆ ರಾಜ್ಯವೂ ಬಿಚ್ಚಿಕೊಳ್ಳುತ್ತದೆ ಅಂತ ಜನ ನಂಬಿದ್ದರು. ಹಾಗಾಗಿ ಅರಮನೆಯಲ್ಲಿ ರುಮಾಲಿನ ಮನೆ ಅಂತಲೇ ಒಂದಿತ್ತು. ಅಲ್ಲಿ ಕೆಲಸ ಸಿಕ್ಕವನಿಗೆ ಹೊಟ್ಟೆಗೂ ಕೊರತೆಯಿಲ್ಲ, ಮರ್ಯಾದೆಗೂ ಕೊರತೆಯಿಲ್ಲ.

ಆ ಊರಿನ ಸಂಗವ್ವ ಎಂಬ ಬಡವಿಗೆ ಒಬ್ಬನೇ ಮಗ, ಮುಡಿಯಪ್ಪ. ಹೆಸರಲ್ಲೇ ಮುಡಿ ಇದೆ, ಇವನು ಮುಡಿಗೆ ಸುತ್ತುವ ವಿದ್ಯೆಯನ್ನೇ ಕಲಿಯಲಿ ಅಂತ ಅವಳು ಅವನನ್ನು ಮಠದ ಗುರುಗಳ ಹತ್ತಿರ ಬಿಟ್ಟಳು. ತಾನು ಕಂಡವರ ಮನೆಯ ಜೋಳ ಬೀಸಿದಳು. ಅವನು ಕಲಿತ. ಮಠದಲ್ಲಿ ಕಲಿಯುವವರಿಗೆ ತಲೆ ಎಲ್ಲಿಂದ ತರುವುದು? ಗಡಿಗೆ ಬೋರಲು ಹಾಕಿ ಅದಕ್ಕೇ ಸುತ್ತಿಸುತ್ತಿದ್ದರು. ಮುಡಿಯಪ್ಪ ಸುತ್ತಿದ ರುಮಾಲು ಹೇಗಿರುತ್ತಿತ್ತೆಂದರೆ, ಗಡಿಗೆಯೇ ಈಗ ಬಾಯಿ ಬಿಟ್ಟು ಅಪ್ಪಣೆ ಕೊಡುತ್ತದೇನೋ ಅನ್ನಿಸುತ್ತಿತ್ತು. ಗುರುಗಳು ಬೆನ್ನು ತಟ್ಟಿ, "ಇನ್ನ ನನ್ನ ಹತ್ರ ಕಲಿಯೋದು ಉಳಿದಿಲ್ಲ ಮಗನ, ಹೋಗು, ಉಂಡು ಬಾಳು" ಅಂದರು. ಬಾಳುವುದು ಅಷ್ಟು ಸಲೀಸೇ?

ಆಗ ರುಮಾಲಿನ ಮನೆಯ ಹಳೆಯ ಅಜ್ಜ ತೀರಿಕೊಂಡಿದ್ದ. ಜಾಗ ಖಾಲಿ ಇತ್ತು. ಮುದಿ ದೊರೆ ಹಾಸಿಗೆ ಹಿಡಿದಿದ್ದರಿಂದ ರುಮಾಲಿನ ಅಗತ್ಯವೂ ಬಿದ್ದಿರಲಿಲ್ಲ. ಕೆಲಸ ಕೊಡುವುದು ಬಿಡುವುದು ಅರಮನೆಯ ಪಾರುಪತ್ಯಗಾರನ ಕೈಯಲ್ಲಿತ್ತು. ಅವನಿಗೊಬ್ಬ ಭಾವಮೈದುನ, ಚಂಪಣ್ಣ. ಉಣ್ಣುವುದಕ್ಕೆ ಮುಂದು, ಏಳುವುದಕ್ಕೆ ಹಿಂದು. ಅವನು ಯಾವತ್ತಾದರೂ ಮನಸ್ಸು ಮಾಡಿದರೆ ಇರಲಿ ಅಂತ ಪಾರುಪತ್ಯಗಾರ ಆ ಜಾಗವನ್ನು ಕಾಯ್ದಿಟ್ಟಿದ್ದ. ಇದು ಮುಡಿಯಪ್ಪನಿಗೆ ಹೇಗೆ ಗೊತ್ತಾಗಬೇಕು? ಅವನು ಅಂಗಿ ಒಗೆದು ತೊಟ್ಟು, ಅವ್ವನ ಕಾಲಿಗೆ ಬಿದ್ದು, ಅರಮನೆಗೆ ಹೋದ.

ಪಾರುಪತ್ಯಗಾರ ಎಲೆಅಡಿಕೆ ಜಗಿಯುತ್ತ ಕೇಳಿದ, "ಎಷ್ಟು ತಲಿಗೆ ಸುತ್ತೀಯೋ?"

"ತಲಿಗೆ ಇನ್ನೂ ಸುತ್ತಿಲ್ರಿ. ಮಠದಾಗ ಗಡಿಗಿಗೆ ಸುತ್ತೀನ್ರಿ."

ಪಾರುಪತ್ಯಗಾರ ನಕ್ಕ. ಅವನು ನಕ್ಕಿದ್ದಕ್ಕೆ ಸುತ್ತ ಇದ್ದ ಆಳುಗಳೂ ನಕ್ಕರು. "ನಮ್ಮ ದೊರಿ ತಲಿ ಗಡಿಗಿ ಅಲ್ಲೋ ತಮ್ಮಾ. ಅನುಭವ ಇದ್ದಾವರು ಬೇಕು ನಮಗ. ಹೋಗು, ಅನುಭವ ತಗೊಂಡು ಬಾ."

ಅನುಭವ ಏನು ಸಂತೆಯಲ್ಲಿ ಸಿಗುವ ಬದನೆಕಾಯಿಯೇ, ತಗೊಂಡು ಬರಲು? ಆದರೂ ಮುಡಿಯಪ್ಪ ಹುಡುಕಿ ಹೊರಟ.

ಮದುವೆ ಮನೆಗೆ ಹೋದ. "ಮದುಮಗನಿಗೆ ನಾನು ಸುತ್ತತೀನ್ರಿ, ಏನೂ ಕೊಡೋದು ಬ್ಯಾಡ" ಅಂದ. ಮದುಮಗನ ತಂದೆ ಮುಖ ಸಿಂಡರಿಸಿ, "ನಿನ್ನ ಕೈ ಕಲಿಯಾಕ ನನ್ನ ಮಗನ ತಲಿನೇ ಬೇಕೇನೋ? ಎಷ್ಟು ಮದುವಿ ಮಾಡೀ?" ಅಂತ ಕೇಳಿದ. ಸಾಹುಕಾರನ ಮನೆಗೆ ಹೋದ. ಸಾಹುಕಾರ, "ಅರಮನ್ಯಾಗ ಕೆಲಸ ಮಾಡಿದಾವನಾಗಿದ್ದರ ನೋಡಬಹುದಿತ್ತು" ಅಂದ. ಹೊಲದಲ್ಲಿ ನೇಗಿಲು ಹೊಡೆಯುವವನ ಹತ್ತಿರ ಹೋದ. ಅವನು ತನ್ನ ಹಳೇ ಪಟಗವನ್ನು ತಾನೇ ಗರಗರ ಸುತ್ತಿಕೊಂಡು, "ಇದಕ್ಕೂ ಒಬ್ಬ ಆಳು ಬೇಕೇನಪಾ?" ಅಂತ ಎತ್ತಿನ ಬಾಲ ಮುರಿದ.

ಹುಚ್ಚು ಬಿಡುವ ತನಕ ಮದುವೆ ಆಗದು, ಮದುವೆ ಆಗುವ ತನಕ ಹುಚ್ಚು ಬಿಡದು ಅಂತ ಗಾದೆ ಇದೆಯಲ್ಲ, ಹಾಗಾಯಿತು ಇವನ ಕಥೆ. ಆ ಗಾದೆ ಮಾಡಿದವನು ಕೆಲಸ ಹುಡುಕಿರಬೇಕು ಅಂತ ನನಗೆ ಅನುಮಾನ.

ಮುಡಿಯಪ್ಪ ಮತ್ತೆ ಅರಮನೆಗೆ ಹೋದ. ಪಾರುಪತ್ಯಗಾರ ಈ ಸಲ ನಗಲಿಲ್ಲ. ಮೆತ್ತಗೆ ಮಾತಾಡಿದ. "ಅಷ್ಟು ಆಸೆ ಐತೇನು? ಹಂಗಾದರ ಉಮೇದುವಾರಿ ಮಾಡು. ಸಂಬಳ ಇಲ್ಲ, ಮಧ್ಯಾಹ್ನ ಗಂಜಿ ಐತಿ. ಇಲ್ಲೇ ಇದ್ದರ ಅನುಭವ ತಾನಾಗೇ ಬರತೈತಿ."

ಮುಡಿಯಪ್ಪನ ಉಮೇದು ಉಕ್ಕಿತು. ಓಡುತ್ತ ಹೋಗಿ ಅವ್ವನಿಗೆ ಹೇಳಿದ. ಅವ್ವ ಅವತ್ತು ಇದ್ದ ಬೆಲ್ಲವನ್ನೆಲ್ಲ ಹಾಕಿ ಹುಗ್ಗಿ ಮಾಡಿದಳು. ಮರುದಿನದಿಂದ ಅವನು ಅರಮನೆಯ ರುಮಾಲು ಒಗೆದ, ಗಂಜಿ ಹಾಕಿದ, ನೆರಳಲ್ಲಿ ಒಣಗಿಸಿದ, ಮಡಚಿ ಇಟ್ಟ. ಮಳೆಗಾಲ ಹೋಯಿತು, ಚಳಿಗಾಲ ಹೋಯಿತು, ಬೇಸಿಗೆ ಬಂತು. ಒಂದು ತಲೆಯೂ ಅವನ ಕೈಗೆ ಸಿಗಲಿಲ್ಲ. ಕೊನೆಗೆ ಧೈರ್ಯ ಮಾಡಿ, "ಧಣೀ, ಅನುಭವ ಬಂತಲ್ಲರಿ, ಇನ್ನ ಕೆಲಸ ಕೊಡ್ರಿ" ಅಂದ.

"ಏನು ಅನುಭವ ಬಂತು?"

"ರುಮಾಲದ್ದು."

"ಒಗೆಯೋದರದ್ದು ಬಂತು. ಹೋಗಿ ಅಗಸರ ಹತ್ರ ಕೇಳು" ಅಂತ ಪಾರುಪತ್ಯಗಾರ ಅವನನ್ನು ಹೊರಗೆ ಹಾಕಿಸಿದ. ರುಮಾಲು ಸುತ್ತಲು ಬಾರದವನಾದರೂ ಟೋಪಿ ಹಾಕುವುದರಲ್ಲಿ ಆ ಮನುಷ್ಯ ಪಳಗಿದ್ದ ನೋಡಿ.

ಅವತ್ತು ಮುಡಿಯಪ್ಪ ನೆಟ್ಟಗೆ ಮನೆಗೆ ಹೋಗಲಿಲ್ಲ. ಕೆರೆಯ ಏರಿಯ ಮೇಲೆ ಕೂತ. ಒಳಗೆ ಹೋಗಿ ಅವ್ವನ ಮುಖ ಹೇಗೆ ನೋಡುವುದು? ಕಲಿಯದಿದ್ದವರು ಕೂಲಿ ಮಾಡಿಕೊಂಡು ಉಣ್ಣುತ್ತಿದ್ದರು. ಕಲಿತ ತಾನು ಅವ್ವನ ಬೀಸುಕಲ್ಲಿನ ಮೇಲೆ ಬದುಕುತ್ತಿದ್ದೇನೆ ಅಂತ ಅವನಿಗೆ ಹೇಸಿಕೆಯಾಯಿತು. ಕಲಿತಿದ್ದೇ ತಪ್ಪಾಯಿತೇ ಅಂತ ಅತ್ತ. ಕೊನೆಗೆ ಅವ್ವನೇ ಹುಡುಕಿಕೊಂಡು ಬಂದು, ಕೈ ಹಿಡಿದು ಕರೆದುಕೊಂಡು ಹೋದಳು.

ಹೀಗಿರುವಾಗ ಅವರ ಓಣಿಯ ಮುದುಕನೊಬ್ಬ ಸತ್ತ. ಆ ಸೀಮೆಯಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ಗೋಡೆಗೆ ಒರಗಿಸಿ ಕೂರಿಸುತ್ತಾರೆ. ಕಟ್ಟೆಯ ಮೇಲೆ ಕೂತು ಹರಟೆ ಹೊಡೆಯುವವನ ಹಾಗೆ ರುಮಾಲು ಸುತ್ತಿ ಕೂರಿಸುತ್ತಾರೆ, ಬಂದವರು ಕೊನೆಯ ಸಲ ಕಣ್ತುಂಬ ನೋಡಲಿ ಅಂತ. ಮುದುಕನ ಮಕ್ಕಳು ಸುತ್ತಿದರೆ ರುಮಾಲು ಕಣ್ಣ ಮೇಲೆ ಜಾರುತ್ತಿತ್ತು. ಮದುವೆಗೆ ಸುತ್ತುವವರು ಹೆಣ ಮುಟ್ಟುವುದಿಲ್ಲ ಅಂದರು. ಆಗ ಯಾರೋ, "ಸಂಗವ್ವನ ಮಗ ಖಾಲಿನೇ ಕುಂತಾನಲ್ಲ" ಅಂದರು.

ಮುಡಿಯಪ್ಪ ಹೋದ. ಸುತ್ತಿದ. ಎಂಥ ಚೆಂದ ಸುತ್ತಿದನೆಂದರೆ, ಬಂದ ಹೆಂಗಸರು ಅಳುವುದನ್ನು ನಿಲ್ಲಿಸಿ, "ಯವ್ವಾ, ಎದ್ದು ಮಾತಾಡತಾನೇನ ನೋಡ!" ಅಂದರು. ಸತ್ತವನು ಮಾತ್ರ, ಎಷ್ಟು ತಲಿಗೆ ಸುತ್ತೀ ಅಂತ ಕೇಳಲಿಲ್ಲ. ಬದುಕಿದ್ದವರಿಗಿಂತ ಸತ್ತವರೇ ಮೇಲು ಅಂದುಕೊಂಡ ಮುಡಿಯಪ್ಪ.

ಅಲ್ಲಿಂದ ಯಾರು ಸತ್ತರೂ ಅವನಿಗೇ ಕರೆ. ಕೊಟ್ಟರೆ ಒಂದು ಸೇರು ಜೋಳ, ಕೊಡದಿದ್ದರೆ ಇಲ್ಲ. ಕೈ ಪಳಗಿತು. ಆದರೆ ಊರು ದೂರವಾಯಿತು. ಎದುರು ಬಂದವರು ದಾರಿ ಬದಲಿಸುತ್ತಿದ್ದರು. ಮಕ್ಕಳ ತಲೆ ಸವರಲು ಕೈ ಚಾಚಿದರೆ ತಾಯಂದಿರು ಮಗುವನ್ನು ಹಿಂದಕ್ಕೆ ಎಳೆದುಕೊಳ್ಳುತ್ತಿದ್ದರು.

ಹೇಗಿದ್ದರೂ ಅನುಭವ ಬಂತಲ್ಲ! ಅವನು ಮತ್ತೆ ಅರಮನೆಯ ಮೆಟ್ಟಿಲು ಹತ್ತಿದ.

"ಎಷ್ಟು ತಲಿಗೆ ಸುತ್ತೀ?"

"ಲೆಕ್ಕ ಇಲ್ರಿ ಧಣೀ."

"ಯಾರ ತಲಿ?"

ಮುಡಿಯಪ್ಪನಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ. "ಸತ್ತಾವರ ತಲಿರಿ."

ಪಾರುಪತ್ಯಗಾರ ಬಾಯಲ್ಲಿದ್ದ ಎಲೆಅಡಿಕೆ ಉಗುಳಿ ಎದ್ದು ನಿಂತ. "ಥೂ, ಅಪಶಕುನದವನ! ಹೆಣದ ಕೈ ತಗೊಂಡು ದೊರಿ ಬಾಗಿಲಿಗೆ ಬಂದೀಯಾ? ಇನ್ನೊಮ್ಮಿ ಈ ಕಡೆ ಸುಳಿದರ ಕಾಲು ಮುರಿಸತೀನಿ!"

ಅನುಭವ ಇಲ್ಲದಾಗ ಅನುಭವ ಇಲ್ಲ ಅಂದರು. ಬಂದಾಗ ಇಂಥ ಅನುಭವ ಬೇಡ ಅಂದರು. ಇನ್ನು ಎಲ್ಲಿಗೆ ಹೋಗಬೇಕು ಹೇಳಿ?

ಆ ಚಳಿಗಾಲ ಸಂಗವ್ವ ಹಾಸಿಗೆ ಹಿಡಿದಳು. ಮಗನ ಕೈಯನ್ನು ತನ್ನ ಕೆನ್ನೆಗೆ ಒತ್ತಿಕೊಂಡು, "ಜೀವ ಇದ್ದಾವರ ತಲಿಗೆ ನೀ ಸುತ್ತೋದನ್ನ ಒಂದ ಸಲ ನೋಡಬೇಕಿತ್ತಪಾ" ಅಂದಳು. ನೋಡಲಿಲ್ಲ. ಸಂಕ್ರಾಂತಿಗೆ ಮುಂಚೆಯೇ ಹೋಗಿಬಿಟ್ಟಳು. ಊರಿನ ಎಲ್ಲ ಹೆಣಕ್ಕೂ ರುಮಾಲು ಸುತ್ತಿದವನ ಅವ್ವನ ಹೆಣಕ್ಕೆ ಹೆಗಲು ಕೊಡಲು ಜನ ಹಿಂದೆ ಮುಂದೆ ನೋಡಿದರು. ಮುಡಿಯಪ್ಪ ಅವತ್ತಿನಿಂದ ಯಾರನ್ನೂ ಏನನ್ನೂ ಕೇಳಲಿಲ್ಲ. ಕರೆದರೆ ಹೋಗುತ್ತಿದ್ದ, ಸುತ್ತುತ್ತಿದ್ದ, ಬರುತ್ತಿದ್ದ. ಒಲೆ ಹಚ್ಚಿದರೆ ಹಚ್ಚಿದ, ಇಲ್ಲದಿದ್ದರೆ ಇಲ್ಲ.

ಅಷ್ಟರಲ್ಲಿ ಮುದಿ ದೊರೆ ತೀರಿಕೊಂಡ.

ಊರಿಗೆ ಊರೇ ಅರಮನೆಯ ಅಂಗಳದಲ್ಲಿ ಸೇರಿತು. ಬೆಳ್ಳಿಗುಡ್ಡದ ಕಟ್ಟಳೆ ಹೀಗಿತ್ತು: ಸತ್ತ ದೊರೆಯನ್ನು ಸಿಂಹಾಸನದಲ್ಲಿ ಕೂರಿಸಿ ಕೊನೆಯ ರುಮಾಲು ಸುತ್ತಬೇಕು. ಜನ ನೋಡಿ ಕೈಮುಗಿದ ಮೇಲೆ, ಅದೇ ಕೈ ಮಗನಿಗೆ ಪಟ್ಟ ಕಟ್ಟಬೇಕು. ಪಾರುಪತ್ಯಗಾರ ಹಿಗ್ಗಿಹೋದ. ಚಂಪಣ್ಣನನ್ನು ನಿದ್ದೆಯಿಂದ ಎಬ್ಬಿಸಿ, ಮುಖ ತೊಳೆಸಿ, ಯುವರಾಜನ ಮುಂದೆ ತಂದು ನಿಲ್ಲಿಸಿದ.

"ಪ್ರಭುಗಳ, ನಾನು ಅನುಭವ ಇಲ್ಲದಾವರನ್ನ ಹೊಸ್ತಿಲು ದಾಟಿಸಿದಾವನಲ್ಲ. ಇವ ನುರಿತಾವ. ಇಬ್ಬರು ದೊರಿಗಳ ತಲಿಗೆ ಪಟ್ಟ ಕಟ್ಟಿದ ಕೈ ಇದು!"

ಜನರ ನಡುವೆ ನಿಂತಿದ್ದ ಮುಡಿಯಪ್ಪನ ಕಿವಿಗೆ ಈ ಮಾತು ಬಿತ್ತು. ಕಾಲು ಮುರಿಸಿದರೆ ಮುರಿಸಲಿ, ಅಳುವುದಕ್ಕೆ ಅವ್ವನೂ ಇಲ್ಲವಲ್ಲ. ಅವನು ಕೂಗಿ ಕೇಳಿದ, "ಧಣೀ, ಒಂದು ಮಾತು. ಯಾವ ಇಬ್ಬರು ದೊರಿಗಳ ತಲಿರಿ ಅವು?"

ಮುದಿ ದೊರೆಗೆ ಪಟ್ಟ ಕಟ್ಟಿದಾಗ ಚಂಪಣ್ಣ ಇನ್ನೂ ಹುಟ್ಟಿರಲಿಲ್ಲ, ಅದು ಎಲ್ಲರಿಗೂ ಗೊತ್ತು. ಯುವರಾಜನೂ ತಲೆ ಎತ್ತಿ, "ಹೌದು, ಯಾರವು?" ಅಂದ.

ಚಂಪಣ್ಣ ಭಾವನ ಮುಖ ನೋಡಿದ. ಭಾವ ನೆಲ ನೋಡಿದ. ಚಂಪಣ್ಣನ ಬಾಯಿಗೆ ಬಂದದ್ದು ಒಂದೇ ಹೆಸರು. "ಕೆಂಗೋಟಿ ದೊರಿರಿ. ಮೊದಲು ಅವರ ಅಣ್ಣಗ, ಆಮ್ಯಾಲ ಅವರಿಗೆ."

ಕೆಂಗೋಟೆ ಅಂದರೆ ಬೆಳ್ಳಿಗುಡ್ಡದ ಹಗೆ. ಕೆಲವು ವರ್ಷಗಳ ಹಿಂದೆ ಇಲ್ಲಿನ ದನಗಳನ್ನು ಹೊಡೆದುಕೊಂಡು ಹೋದವರು, ಮುದಿ ದೊರೆ ಹಾಸಿಗೆ ಹಿಡಿಯುವ ಹಾಗೆ ಈಟಿ ಎಸೆದವರು ಅವರೇ. ಯುವರಾಜ ಎದ್ದು ನಿಂತ.

"ನಮ್ಮಪ್ಪನ್ನ ಕೊಂದಾವಗ ಪಟ್ಟ ಕಟ್ಟಿದಾವನ್ನ ನನ್ನ ಮನ್ಯಾಗ ಇಟ್ಟೀಯಾ ಪಾರುಪತ್ಯಗಾರ?"

"ಇಲ್ಲ ಪ್ರಭುಗಳ!" ಪಾರುಪತ್ಯಗಾರ ದಡಕ್ಕನೆ ಕಾಲಿಗೆ ಬಿದ್ದ. "ಸುಳ್ಳು! ಇವ ಊರ ಅಗಸಿ ಬಾಗಿಲ ದಾಟಿದಾವನಲ್ಲ. ಹುಟ್ಟಿದಾಗಿಂದ ಒಂದು ರುಮಾಲ ಮುಟ್ಟಿಲ್ಲ, ನನ್ನ ಆಣಿ!"

"ಹಂಗಾದರ ಅನುಭವ?" ಅಂದ ಮುಡಿಯಪ್ಪ.

ಅನುಭವ ಇದೆ ಅಂದರೆ ದ್ರೋಹ, ಇಲ್ಲ ಅಂದರೆ ಮೋಸ. ಪಾರುಪತ್ಯಗಾರ ಅಡಕತ್ತರಿಯಲ್ಲಿ ಸಿಕ್ಕ ಅಡಿಕೆಯಾದ. ಅವನನ್ನೂ ಚಂಪಣ್ಣನನ್ನೂ ಆಳುಗಳು ಅಗಸಿಯ ಆಚೆ ದಬ್ಬಿ ಬಂದರು. ಹೋಗುವಾಗಲೂ ಆ ಮನುಷ್ಯ ಸುಮ್ಮನಿರಲಿಲ್ಲ. ಮುಡಿಯಪ್ಪನ ಕಡೆ ಬೆರಳು ತೋರಿಸಿ, "ಪ್ರಭುಗಳ, ಅವನ ಕೈ ಹೆಣದ ಕೈ! ಅಪಶಕುನ!" ಅಂತ ಕಿರುಚಿದ.

ಯುವರಾಜ ತನ್ನ ತಂದೆಯ ಹೆಣದ ಕಡೆ ನೋಡಿದ. ಆಮೇಲೆ ಮುಡಿಯಪ್ಪನ ಕೈ ಕಡೆ ನೋಡಿದ. "ನಮ್ಮಪ್ಪನ ತಲಿ ಮುಟ್ಟೋ ಕೈ ನನಗ ಹೆಂಗ ಅಪಶಕುನ ಆದೀತು? ಬಾರಪಾ" ಅಂದ.

ಮುಡಿಯಪ್ಪ ಮುದಿ ದೊರೆಗೆ ಸುತ್ತಿದ. ಕೈ ಒಂದಿಷ್ಟೂ ಅಳುಕಲಿಲ್ಲ. ಸುತ್ತಿ ಮುಗಿಸಿದಾಗ ಜನರೆಲ್ಲ, ದೊರೆ ಈಗ ತಾನೇ ನ್ಯಾಯ ಕೇಳಲು ಕೂತಿದ್ದಾರೆ ಅನ್ನುವ ಹಾಗೆ ಬಗ್ಗಿ ಕೈಮುಗಿದರು.

ಆಮೇಲೆ ಮಗನ ಸರದಿ. ಮುಡಿಯಪ್ಪ ಜರಿಯ ಬಟ್ಟೆಯ ಒಂದು ತುದಿ ಹಿಡಿದು ಯುವರಾಜನ ಹಣೆಯ ಮೇಲೆ ಕೈ ಇಟ್ಟ. ಇಟ್ಟ ಕೈ ಹಾಗೇ ನಿಂತಿತು.

ಹಣೆ ಬೆಚ್ಚಗಿತ್ತು.

"ಯಾಕ ಕೈ ನಿಂತೈತಿ?" ಯುವರಾಜ ಮೆಲ್ಲಗೆ ಕೇಳಿದ.

"ಜೀವ ಇದ್ದ ತಲಿ ನನಗ ಇದ ಮೊದಲು, ದೊರಿ."

ಯುವರಾಜ ಅಂದ, "ದೊರಿ ಆಗೋದು ನನಗೂ ಇದ ಮೊದಲು. ಸುತ್ತು."

ಮುಡಿಯಪ್ಪ ಅಳುತ್ತ ಅಳುತ್ತ ಸುತ್ತಿದ. ಕೊಂಬು ಊದಿದರು, ಜನ ಜೈ ಅಂದರು. ರುಮಾಲಿನ ಮನೆಯ ಬೀಗದಕೈ ಅವನ ಕೈಗೆ ಬಂತು. ದಾರಿ ಬದಲಿಸುತ್ತಿದ್ದವರೇ ಈಗ ಎದುರು ಬಂದು, ನಿನ್ನ ಕೈಗುಣ ನಮಗೆ ಮೊದಲೇ ಗೊತ್ತಿತ್ತು ಅಂದರು. ಅವನು ತಲೆಯಾಡಿಸಿದ. ಅವ್ವನಿಗೆ ಸಿಹಿ ಸುದ್ದಿ ಹೇಳಲು ಅಭ್ಯಾಸಬಲದಿಂದ ಓಣಿಯ ತನಕ ಓಡಿದ. ಬಾಗಿಲ ಹತ್ತಿರ ಬಂದ ಮೇಲೆ ಅವನಿಗೆ ನೆನಪಾಯಿತು. ಹೊಸ್ತಿಲ ಮೇಲೆ ಕೂತುಬಿಟ್ಟ.

ಇಷ್ಟೇ ಕಥೆ ಮಕ್ಕಳೇ. ಮೋಸಗಾರ ಅಗಸಿಯ ಆಚೆ ಹೋದ, ಕಲಿತವನು ಅರಮನೆಯ ಒಳಗೆ ಬಂದ, ಅದು ಸರಿ. ಆದರೆ ಇದರ ನೀತಿಯನ್ನು ನಾನು ಕಲಿತವನಿಗೆ ಹೇಳುವುದಿಲ್ಲ, ಅವನು ಪಟ್ಟ ಪಾಡು ಸಾಕು. ನಾಳೆ ನೀವು ದೊಡ್ಡವರಾಗಿ, ಕೆಲಸ ಕೊಡುವ ಗಾದಿಯ ಮೇಲೆ ಕೂರುತ್ತೀರಲ್ಲ, ನಿಮಗೆ ಹೇಳುತ್ತೇನೆ. ಮೊದಲನೆಯ ಸಲ ಮಾಡದೆ ಎರಡನೆಯ ಸಲ ಯಾರೂ ಮಾಡಿಲ್ಲ, ದೊರೆಯೂ ಮಾಡಿಲ್ಲ. ಕೆಲಸ ಕೊಡದೆ ಅನುಭವ ಕೇಳುವವನು ಮೋಸಗಾರ. ಕೊಡುವುದಾದರೆ ಹೊತ್ತಿಗೆ ಸರಿಯಾಗಿ ಕೊಡಿ, ನೋಡಿ ಹಿಗ್ಗುವವರು ಇನ್ನೂ ಮನೆಯಲ್ಲಿ ಇರುವಾಗಲೇ ಕೊಡಿ.