ಬೆನ್ನಿನ ಗಾಯಕ್ಕೆ ಬೆಳ್ಳಿಯ ಕಡಗ

ನಮ್ಮದು ಡಂಗುರದವರ ಮನೆತನವೆಂದು ಹಗುರವಾಗಿ ಆಡುವವರಿದ್ದಾರೆ. ಡಂಗುರ ಬಾರಿಸುವವರು ಬೇರೆ. ನಮ್ಮ ಹಿರಿಯರು ಕೆಂಗಲ್ಲು ದುರ್ಗದ ಅರಸರ ಅಪ್ಪಣೆಯನ್ನು ಪೇಟೆಯ ಕಟ್ಟೆಯ ಮೇಲೆ ನಿಂತು ಓದಿ ಹೇಳುತ್ತಿದ್ದವರು. ಅವರಲ್ಲಿ ಯಾರೂ ಒಂದು ಮಾತು ಕೂಡಿಸಿದವರಲ್ಲ, ಒಂದು ಮಾತು ನುಂಗಿದವರಲ್ಲ. ನಾನು ಓದಿದ ಕಾನ್ವೆಂಟಿನಲ್ಲೂ ಪಾಠ ಒಪ್ಪಿಸುವಾಗ ಪದ ತಪ್ಪಿದರೆ ಮೊದಲಿನಿಂದ ಹೇಳಬೇಕಿತ್ತು. ಆದ್ದರಿಂದ ಈ ಕತೆಯನ್ನು ನಮ್ಮ ಮನೆಯಲ್ಲಿ ಹೇಳುವ ಹಾಗೆಯೇ ಹೇಳುತ್ತೇನೆ.

ಆ ಹಿರಿಯರಲ್ಲೊಬ್ಬರು ಒಂದು ದಿನ ಓದಿದ ಅಪ್ಪಣೆ ಇದು: "ಹೊಳೆದಂಡೆಯ ಕಾಳಗದಲ್ಲಿ ಗಾಯಗೊಂಡು, ಗಾಯದ ಕಡಗ ಪಡೆಯದೆ ಉಳಿದವರಿದ್ದರೆ ಕಾಲ ಮೀರಿತೆಂದು ಅಂಜದೆ ಬರಲಿ. ಅರಸರು ಮೂರು ಒಗಟು ಕೇಳುವರು. ಬಿಡಿಸಿದವನಿಗೆ ಬೆಳ್ಳಿಯ ಕಡಗ, ಕೆರೆಯ ಕೆಳಗಿನ ಹೊಲ. ತಪ್ಪಿದವನು ಸುಳ್ಳು ಹೇಳಿ ಬಂದವನೆಂದು ಸಂಜೆಯೊಳಗೆ ತಲೆ ಕೊಡತಕ್ಕದ್ದು."

ಹಗ್ಗ ಹೊಸೆಯುವ ಚೌಡ ಇದನ್ನು ಕೇಳಿ ಕೈಯಲ್ಲಿದ್ದ ಹುರಿಯನ್ನು ಕೆಳಗಿಟ್ಟ. ಅವನಿಗೂ ಆ ಕಾಳಗದಲ್ಲಿ ಗಾಯವಾಗಿತ್ತು, ಆದರೆ ಬೆನ್ನಿನಲ್ಲಿ. ಆ ಸೀಮೆಯ ಕಟ್ಟಳೆಯಂತೆ ಎದೆಯ ಗಾಯಕ್ಕೆ ಅರಮನೆಯಿಂದ ಕಡಗ ಬರುತ್ತಿತ್ತು. ಬೆನ್ನಿನ ಗಾಯವೆಂದರೆ ಓಡಿದ ಗುರುತು. ಅದಕ್ಕೆ ಗಾಜಿನ ಬಳೆ. ಚೌಡನ ಮನೆಗೂ ಬಳೆ ಬಂದಿತ್ತು. ಅವನ ಹೆಂಡತಿ ಸಂಕವ್ವ ಅವನ್ನು ಬಿಸಾಡದೆ ತೊಟ್ಟುಕೊಂಡೇ ನೀರಿಗೆ ಹೋದಳು. ಹೆಂಗಸರು ನಕ್ಕರು. ಮನೆಗೆ ಬಂದು ಅವಳು ಏನೂ ಹೇಳಲಿಲ್ಲ, ಅವನೂ ಕೇಳಲಿಲ್ಲ. ಇಬ್ಬರ ತಲೆಯೂ ನೆರೆಯಿತು. ಅಪ್ಪಣೆ ಬಂದ ವರ್ಷವೇ ಅವಳ ತಂಗಿಯ ಮಗಳ ಮದುವೆಯಲ್ಲಿ ಸಂಕವ್ವನ ಕೈಗೆ ಬಂದ ಆರತಿ ತಟ್ಟೆಯನ್ನು, "ಓಡಿದವನ ಹೆಂಡತಿಗೇಕೆ?" ಎಂದು ಯಾರೋ ಹಿಂದಕ್ಕೆ ತೆಗೆದುಕೊಂಡರು. ಅಂದು ಅವಳು ಅತ್ತಳು.

"ನಾನು ದುರ್ಗಕ್ಕೆ ಹೋಗ್ತೀನಿ," ಎಂದ ಚೌಡ.

"ತಲೆ ಹೋದರೆ?"

"ನೆರೆತ ತಲೆ ಕಣೇ. ಯಾರು ಕೇಳ್ತಾರೆ ಇದನ್ನ?"

"ನಾನು ಕೇಳ್ತೀನಿ," ಎಂದು ಸಂಕವ್ವ ಬುತ್ತಿ ಕಟ್ಟಿಕೊಂಡು ಅವನ ಹಿಂದೆಯೇ ಹೊರಟಳು.

ದುರ್ಗದ ಒಡ್ಡೋಲಗದಲ್ಲಿ ಅವರಿಗಿಂತ ಮುಂದೆ ಇಬ್ಬರು ನಿಂತಿದ್ದರು. ಮೊದಲನೆಯವನು ಹಂಪನಾಯಕ, ದೊಡ್ಡ ಮೀಸೆಯವನು. ಅರಸ ಬೂದರಸ ಅವನನ್ನು ಕೇಳಿದ: "ಹುಟ್ಟುವಾಗ ಅದರ ಬಾಯಿ ತೆರೆದಿರುತ್ತದೆ, ಮಾತಿಲ್ಲ. ಬಾಯಿ ಮುಚ್ಚಿಕೊಂಡ ಮೇಲೆ ಮಳೆ ಬರುವುದನ್ನು ಮುಂಚೆಯೇ ಹೇಳುತ್ತದೆ. ಏನದು?"

"ಕಪ್ಪೆ, ಪ್ರಭು!"

"ಕಪ್ಪೆ ಬಾಯಿ ಮುಚ್ಚಿದ್ದನ್ನು ಯಾವ ಊರಿನಲ್ಲಿ ಕಂಡೆ?" ಎಂದ ಅರಸ. ತಳವಾರರು ನಾಯಕನ ತೋಳು ಹಿಡಿದರು.

ಎರಡನೆಯವನು ಗೋವಿಂದ ಜಟ್ಟಿ. ಅವನು ಎದೆಯ ಮೇಲಿನ ಕಲೆಯನ್ನು ತೋರಿಸಿ, "ಆ ಒಗಟು ಅಪಶಕುನ ಪ್ರಭು, ಎರಡನೆಯದನ್ನು ಮೊದಲು ಕೇಳಿ," ಎಂದ.

"ಆಗಲಿ. ಕತ್ತಿ ತಾಗಿದವನು ತನ್ನ ಗಾಯವನ್ನು ಇದುವರೆಗೆ ಕಣ್ಣಾರೆ ಕಂಡಿಲ್ಲ. ಕತ್ತಿ ತಾಗದ ಒಬ್ಬರು ಅದನ್ನು ದಿನವೂ ಕಂಡಿದ್ದಾರೆ. ಯಾರು?"

"ತಾವೇ, ಪ್ರಭು! ಪ್ರಜೆಗಳ ನೋವೆಲ್ಲ ಕಾಣುವವರು."

"ನಿನ್ನ ಗಾಯ ನಿನ್ನ ಮೂಗಿನ ಕೆಳಗೇ ಇದೆ, ಜಟ್ಟಿ. ನಾನು ಅದನ್ನು ಇವತ್ತೇ ಕಂಡದ್ದು." ಅವನನ್ನೂ ಕರೆದೊಯ್ದರು.

ಸಂಕವ್ವನನ್ನು ಬಾಗಿಲ ಬಳಿ ಬಿಟ್ಟು ಚೌಡ ಮುಂದೆ ಬಂದು ಅಂಗಿ ತೆಗೆದು ತಿರುಗಿ ನಿಂತ. ಸಭೆಯೆಲ್ಲ ನಕ್ಕಿತು.

"ಅಜ್ಜ, ಓಡುವಾಗ ಚಪ್ಪಲಿಯನ್ನೂ ಬಿಟ್ಟು ಬಂದೆಯೇನೋ?" ಎಂದ ಒಬ್ಬ ಸರದಾರ.

ಅರಸ ನಗಲಿಲ್ಲ. "ಮೊದಲನೆಯದನ್ನು ಹೇಳು," ಎಂದ.

"ಅದು ಗಾಯ, ಬುದ್ಧಿ. ಆಗುವಾಗ ಬಾಯಿ ಬಿಟ್ಟಿರುತ್ತೆ. ಮಾಯ್ದ ಮೇಲೆ ಮೋಡ ಕಟ್ಟುವ ಮುಂಚೆಯೇ ಸೆಳೆಯುತ್ತೆ. ನಾನು ನರಳಿದರೆ ಇವಳು ಒಣಗಿಸಿದ ನಾರು ಒಳಗೆ ತರ್ತಾಳೆ."

"ಎರಡನೆಯದು?"

"ಅದು ಇವಳೇ. ಬೆನ್ನಿನ ಗಾಯ ನನಗೆಲ್ಲಿ ಕಾಣಬೇಕು? ದಿನಾ ಹರಳೆಣ್ಣೆ ಹಚ್ಚುವವಳು ಇವಳು. ಹೇಗಿದೆ ಅಂತ ಕೇಳಿದರೆ ಒಂದು ದಿನ ಹುಣಸೆಕಾಯಿ ಅಂತಾಳೆ, ಇನ್ನೊಂದು ದಿನ ಜರಿಹುಳ ಅಂತಾಳೆ. ಸಿಟ್ಟು ಬಂದ ದಿನ, ನಿನ್ನ ಮುಖಕ್ಕಿಂತ ಚೆನ್ನಾಗಿದೆ ಅಂತಾಳೆ."

ಈಗ ಯಾರೂ ನಗಲಿಲ್ಲ. ಅರಸನ ದನಿ ತಗ್ಗಿತು.

"ಮೂರನೆಯದು. ಕಳ್ಳರು ಮನೆಯ ಹಿತ್ತಿಲ ಬಾಗಿಲು ಮುರಿದರು. ಒಡೆಯ ಓಡಲಿಲ್ಲ, ತಿರುಗಿಯೂ ನೋಡಲಿಲ್ಲ. ಅವನ ಮುಂದೆ ಏನಿತ್ತು?"

ಚೌಡ ಅರಸನ ಕಡೆ ತಿರುಗಿದ. ಸಂಕವ್ವ ಬಾಗಿಲ ಕಂಬವನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ಮನೆ ಅಂದರೆ ಮೈ, ಬುದ್ಧಿ. ಹಿತ್ತಿಲ ಬಾಗಿಲು ಬೆನ್ನು. ಮುಂದೆ ಒಬ್ಬ ಹರೆಯದವನು ಬಿದ್ದಿದ್ದ. ಕಾಲಿಗೆ ಬಾಣ, ಮುಖವೆಲ್ಲ ಕೆಸರು. ಅವ್ವಾ ಅಂತಿದ್ದ. ಕತ್ತಿ ಬರೋದು ಕಂಡಿತು. ಅವನ ಮೇಲೆ ಬಗ್ಗಿದೆ. ಅಷ್ಟೇ."

"ಅವನು ಯಾರು?"

"ಗೊತ್ತಿಲ್ಲ. ಬದುಕಿದ್ದರೆ ಸಾಕು."

ಅರಸ ಗದ್ದುಗೆಯಿಂದ ಇಳಿದ. ಇಳಿಯುವಾಗ ಒಂದು ಕಾಲು ಎಳೆಯಿತು.

"ಬದುಕಿದ್ದೇನೆ," ಎಂದ. "ಇನ್ನೊಬ್ಬನ ಕೆಳಗೆ ಬಿದ್ದಿದ್ದೆ ಎಂದು ತಂದೆಯವರ ಮುಂದೆ ಹೇಳಲು ನಾಚಿದೆ. ನನಗಾಗಿ ಬೆನ್ನೊಡ್ಡಿದವನಿಗೆ ಬಳೆ ಹೋಗಿರುತ್ತದೆಂದು ಗೊತ್ತಿದ್ದೂ ಬಾಯಿ ಬಿಡಲಿಲ್ಲ. ಗದ್ದುಗೆ ಏರಿದ ಮೇಲೂ ಬಿಡಲಿಲ್ಲ. ಈಗ ನಿನ್ನನ್ನು ಹುಡುಕಲೆಂದೇ ಈ ಒಗಟುಗಳನ್ನು ಕಟ್ಟಿದೆ."

ಅವನು ತನ್ನ ಕೈಯಿಂದಲೇ ಚೌಡನಿಗೆ ಬೆಳ್ಳಿಯ ಕಡಗ ತೊಡಿಸಿದ. ಕೆರೆಯ ಕೆಳಗಿನ ಹೊಲವನ್ನು ಧಾರೆಯೆರೆದ. ನಕ್ಕ ಸರದಾರ ತಲೆ ತಗ್ಗಿಸಿದ.

"ಇನ್ನೇನು ಬೇಕು, ಕೇಳು."

"ಆ ಇಬ್ಬರನ್ನು ಬಿಟ್ಟುಬಿಡಿ. ಆಸೆಪಟ್ಟು ಬಂದವರು."

"ಬಿಟ್ಟೆ. ಇನ್ನೂ?"

ಚೌಡ ಬಾಗಿಲ ಕಡೆ ನೋಡಿದ. ಸಂಕವ್ವ ಬೇಡವೆಂದು ತಲೆಯಾಡಿಸಿದಳು. ಅವನು ಲೆಕ್ಕಿಸಲಿಲ್ಲ.

"ನನ್ನ ಪೆಟ್ಟು ಎಂದೋ ಮಾಯ್ದಿದೆ, ಬುದ್ಧಿ. ನೀವು ಸುಮ್ಮನಿದ್ದದ್ದರ ಪೆಟ್ಟನ್ನು ಇಷ್ಟು ಕಾಲ ತಿಂದವಳು ಅವಳು. ಅವಳ ಮುಂದೆ ಹೋಗಿ ತಪ್ಪಾಯಿತು ಅನ್ನಿ."